ಗ್ರಂಥಾಲಯದಲ್ಲೊಂದು ಬೀಜದ ಕಪಾಟು: ಏನು ಕೊಡಬೇಕು, ಏನನ್ನು ಮರಳಿ ಪಡೆಯಬೇಕು?

ಗ್ರಂಥಾಲಯದಿಂದ ಮನೆಗೆ ಒಯ್ದ ಪುಸ್ತಕ ಹೋದ ಹಾಗೆಯೇ ಮರಳಿ ಬರುತ್ತದೆ. ಬೀಜದ ವಿಷಯ ಹಾಗಲ್ಲ. ಹಿತ್ತಿಲಲ್ಲಿ ಬೆಳೆದು, ಪಕ್ಕದ ಮನೆಯ ಗಿಡದ ಪರಾಗವನ್ನೂ ಕೂಡಿಸಿಕೊಂಡು ಅದು ಬೇರೆಯೇ ಗುಣ ಪಡೆದು ಬರಬಹುದು. ಆದ್ದರಿಂದ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಸೀಮೆಯ ಯಾವುದೇ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಉಚಿತ ಬೀಜ ಹಂಚಿಕೆ ಆರಂಭಿಸುವವರು ಮೊದಲ ದಿನವೇ ಎರಡು ಪ್ರತ್ಯೇಕ ಪಟ್ಟಿಗಳನ್ನು ಬರೆದಿಟ್ಟುಕೊಳ್ಳಬೇಕು. ಒಂದು, ಕೊಡಬಹುದಾದ ಬೀಜಗಳದ್ದು. ಇನ್ನೊಂದು, ಮರಳಿ ಪಡೆಯಬಹುದಾದ ಬೀಜಗಳದ್ದು. ಎರಡನೆಯ ಪಟ್ಟಿ ಚಿಕ್ಕದಾಗಿದ್ದಷ್ಟೂ ಒಳ್ಳೆಯದು.

ಅವರೆ, ಅಲಸಂದೆ, ಹುರುಳಿಕಾಯಿ ಮತ್ತು ಟೊಮೆಟೊಗಳ ಹೂವುಗಳಲ್ಲಿ ಬಹುಮಟ್ಟಿಗೆ ಸ್ವಕೀಯ ಪರಾಗಸ್ಪರ್ಶವೇ ನಡೆಯುವುದರಿಂದ ತಳಿ ಸುಲಭವಾಗಿ ಕೆಡುವುದಿಲ್ಲ. ಇವನ್ನು ಧೈರ್ಯವಾಗಿ ಮರಳಿ ಪಡೆಯಬಹುದು. ಬದನೆ, ಬೆಂಡೆ, ಮೆಣಸಿನಕಾಯಿಗಳಲ್ಲಿ ಜೇನುನೊಣಗಳ ಓಡಾಟದಿಂದ ಅಲ್ಪಸ್ವಲ್ಪ ಬೆರಕೆಯಾಗುತ್ತದೆ. ಒಂದೇ ತಳಿ ಬೆಳೆದವರಿಂದ ಮಾತ್ರ ಪಡೆಯಿರಿ. ಸೋರೆ, ಹೀರೆ, ಕುಂಬಳ, ಸೌತೆಗಳಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಪರಾಗ ಎಲ್ಲಿಂದ ಬಂತೆಂದು ಹೇಳಬಲ್ಲವರಿಲ್ಲ. ಅದರಲ್ಲೂ ಸೋರೆಯ ಬಗ್ಗೆ ಬಿಗಿಯಾಗಿರಬೇಕು. ಬೆರಕೆಯಿಂದ ಕಹಿಯಾದ ಸೋರೆಕಾಯಿಯನ್ನು ತಿಂದರೆ ಅಥವಾ ಅದರ ರಸ ಕುಡಿದರೆ ವಾಂತಿ, ಭೇದಿಯಾಗಿ ಆಸ್ಪತ್ರೆ ಸೇರಬೇಕಾದೀತು. ಈ ಗುಂಪಿನ ಬೀಜಗಳನ್ನು ಪ್ರತಿವರ್ಷ ಹೊಸದಾಗಿ ತಂದು ಕೊಡುವುದೇ ಸರಿ.

ಮೊದಲ ದಾಸ್ತಾನಿಗೆ ಊರಿನ ಹಿರಿಯ ರೈತ ಮಹಿಳೆಯರ ಮನೆಗಳೇ ಉತ್ತಮ ಮೂಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲು, ಅಂದರೆ ನಡುನಡುವೆ ಬೇರೆ ಬೆಳೆಗಳ ಸಾಲು, ಹಾಕುವವರ ಬಳಿ ಅವರೆ, ತೊಗರಿ, ಸಾಸಿವೆ ಬೀಜ ಸಾಮಾನ್ಯವಾಗಿ ಇದ್ದೇ ಇರುತ್ತದೆ. ತರಕಾರಿಗಾಗಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳನ್ನು ತರಬಹುದು. ಆದರೆ ಅಲ್ಲಿಯೂ ಆರಿಸಿಕೊಳ್ಳಬೇಕು. ಅರ್ಕ ವಿಕಾಸ್ ಟೊಮೆಟೊ ಮತ್ತು ಅರ್ಕ ಅನಾಮಿಕ ಬೆಂಡೆಯ ಬೀಜವನ್ನು ಉಳಿಸಿ ಮತ್ತೆ ಬಿತ್ತಬಹುದು. ಅರ್ಕ ರಕ್ಷಕ್ ಟೊಮೆಟೊ ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜದಿಂದ ಬರುವ ಗಿಡಗಳು ತಾಯಿಗಿಡವನ್ನು ಹೋಲುವ ಭರವಸೆಯಿಲ್ಲ. ಅಂಗಡಿಯಲ್ಲಿ ಸಿಗುವ ಗುಲಾಬಿ, ನೀಲಿ ಬಣ್ಣ ಬಳಿದ ಬೀಜಗಳಿಗೆ ಸಾಮಾನ್ಯವಾಗಿ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಮಕ್ಕಳು ಓದಲು ಬಂದು ಕೂರುವ ಕೊಠಡಿಯಲ್ಲಿ ಇವನ್ನು ಇಡಲೇಬಾರದು.

ಬೀಜವನ್ನು ಸಿದ್ಧಪಡಿಸುವ ಕ್ರಮವನ್ನು ಓದುಗರಿಗೆ ಮಾಡಿಯೇ ತೋರಿಸಬೇಕು. ಚೆನ್ನಾಗಿ ಹಣ್ಣಾದ ಟೊಮೆಟೊದ ತಿರುಳನ್ನು ಬೀಜಸಮೇತ ಲೋಟಕ್ಕೆ ಹಿಂಡಿ ಎರಡು ದಿನ ಹಾಗೆಯೇ ಬಿಟ್ಟರೆ ಮೇಲೆ ಬಿಳಿಯ ಪೊರೆ ಕಟ್ಟಿ ಹುಳಿವಾಸನೆ ಬರುತ್ತದೆ. ಬೀಜಕ್ಕೆ ಅಂಟಿದ ಲೋಳೆ ಆಗ ಬಿಡುತ್ತದೆ. ನೀರು ಹಾಕಿ ಅಲುಗಿಸಿದಾಗ ತೇಲುವ ಜೊಳ್ಳನ್ನು ಚೆಲ್ಲಿ, ತಳದಲ್ಲಿ ಉಳಿದದ್ದನ್ನು ತಟ್ಟೆಯ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಬೇಕು. ಕಾಗದದ ಮೇಲೆ ಹರಡಿದರೆ ಬೀಜ ಅಂಟಿಕೊಂಡು ಬಿಡಿಸುವುದೇ ಕಷ್ಟವಾಗುತ್ತದೆ. ಅವರೆಯದು ಬೇರೆ ತೊಂದರೆ: ಸೊಗಡಿನ ಕಾಯಿಯನ್ನು ಸಾರಿಗೆ ಕೀಳದೆ ಬಿಡುವ ಮನೆ ನಮ್ಮಲ್ಲಿ ಅಪರೂಪ. ಹೂ ಬಿಟ್ಟಾಗಲೇ ರೋಗವಿಲ್ಲದ ಎರಡು ಮೂರು ಗಿಡಗಳಿಗೆ ಕೆಂಪು ದಾರ ಕಟ್ಟಿ, ಅವುಗಳ ಕಾಯಿ ಗಿಡದಲ್ಲೇ ಒಣಗಲು ಬಿಡುವಂತೆ ಮನೆಯವರಿಗೆಲ್ಲ ತಿಳಿಸಿರಬೇಕು. ಕಾಳನ್ನು ಹಲ್ಲಿನಿಂದ ಕಚ್ಚಿದಾಗ ಕಟಕ್ಕೆಂದು ಒಡೆದರೆ ಒಣಗಿದೆ ಎಂದರ್ಥ. ಹಲ್ಲಿನ ಗುರುತು ಮೂಡಿದರೆ ಇನ್ನೂ ಬಿಸಿಲು ಬೇಕು.

ದಾಸ್ತಾನಿನ ಮಾತು ಸರಳ. ಒಣ ಬೂದಿ ಬೆರೆಸಿದ ಅಥವಾ ತುಸು ಹರಳೆಣ್ಣೆ ಸವರಿದ ಕಾಳಿಗೆ ಹುಳು ಹಿಡಿಯುವುದು ಕಡಿಮೆ. ಕಾಗದದ ಪೊಟ್ಟಣಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಬಿಸಿಲು ತಾಗದ ಕಪಾಟಿನಲ್ಲಿಡಿ. ಪ್ರತಿ ಪೊಟ್ಟಣದ ಮೇಲೆ ಬೆಳೆ, ತಳಿ, ಬೆಳೆದ ಊರು, ಕೊಯ್ದ ತಿಂಗಳು ಇರಲಿ. ಇಷ್ಟನ್ನೂ ಹೇಳಲಾಗದವರ ಬೀಜವನ್ನು ವಿನಯದಿಂದ ನಿರಾಕರಿಸುವುದು ಲೇಸು.

ಹಂಚುವ ಮೊದಲು ಮೊಳಕೆ ಪರೀಕ್ಷೆ ತಪ್ಪಿಸಬಾರದು. ಇಪ್ಪತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಬಟ್ಟೆ ಆರದಂತೆ ನೋಡಿಕೊಂಡರೆ ಅಲಸಂದೆ ಮೂರು ನಾಲ್ಕು ದಿನದಲ್ಲಿ, ಟೊಮೆಟೊ ಒಂದು ವಾರದ ಆಸುಪಾಸಿನಲ್ಲಿ ಮೊಳೆಯುತ್ತದೆ. ದೃಢೀಕೃತ ಬೀಜಕ್ಕೆ ಸರ್ಕಾರ ವಿಧಿಸಿರುವ ಕನಿಷ್ಠ ಮೊಳಕೆ ಪ್ರಮಾಣ ಟೊಮೆಟೊಗೆ ಶೇ 70, ಬೆಂಡೆಗೆ ಶೇ 65. ಅಂದರೆ ಇಪ್ಪತ್ತರಲ್ಲಿ ಹದಿನಾಲ್ಕು, ಹದಿಮೂರು. ಅದಕ್ಕಿಂತ ಸ್ವಲ್ಪ ಕಡಿಮೆಯಾದರೆ ಒತ್ತಾಗಿ ಬಿತ್ತುವಂತೆ ಪೊಟ್ಟಣದ ಮೇಲೆ ಬರೆಯಿರಿ. ಅರ್ಧವೂ ಮೊಳೆಯದಿದ್ದರೆ ಕೊಡಬೇಡಿ.

ಕಾನೂನಿನ ಅಂಜಿಕೆ ಕೆಲವರಿಗಿರಬಹುದು. ಅಮೆರಿಕದ ಪೆನ್ಸಿಲ್ವೇನಿಯಾದ ಗ್ರಂಥಾಲಯವೊಂದರ ಬೀಜ ವಿನಿಮಯಕ್ಕೆ 2014ರಲ್ಲಿ ಅಲ್ಲಿನ ಕೃಷಿ ಇಲಾಖೆ ಬೀಜ ಕಾಯ್ದೆಯ ಹೆಸರಿನಲ್ಲಿ ಅಡ್ಡಿ ಮಾಡಿದ್ದುಂಟು. ನಮ್ಮಲ್ಲಿ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001, ರೈತರು ತಾವು ಬೆಳೆದ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ ಹಕ್ಕನ್ನು ಮಾನ್ಯ ಮಾಡಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವಂತಿಲ್ಲ, ಅಷ್ಟೆ.

ಸ್ಥಳೀಯ ಅವರೆ ಹಗಲು ಕಿರಿದಾಗುವ ಕಾಲಕ್ಕೆ ಹೂ ಬಿಡುವ ಬೆಳೆಯಾದ್ದರಿಂದ ಅದನ್ನು ಮುಂಗಾರಿನಲ್ಲೇ ಕೊಡಬೇಕು. ಬೀಜ ಮರಳಿಸುವ ಗಡುವನ್ನು ಕೊಯ್ಲು ಮುಗಿಯುವ ಫೆಬ್ರವರಿ, ಮಾರ್ಚ್‌ಗೆ ಇಟ್ಟುಕೊಳ್ಳಿ. ಒಂದು ಹಿಡಿ ಒಯ್ದವರು ಎರಡು ಹಿಡಿ ತಂದರೆ ಸಾಕು. ಬೆಳೆ ಕೈಕೊಟ್ಟವರಿಗೆ ದಂಡ ಬೇಡ. ವಹಿಯಲ್ಲಿ ಕಾರಣವನ್ನು ಬರೆಸಿಕೊಂಡರೆ ಮುಂದಿನ ವರ್ಷ ಯಾವ ಮಣ್ಣಿಗೆ ಯಾವ ತಳಿ ಕೊಡಬೇಕೆಂದು ತಿಳಿಯುತ್ತದೆ. ಈರುಳ್ಳಿ ಬೀಜ ಒಂದು ವರ್ಷ ದಾಟಿದರೆ ಮೊಳೆಯುವ ಶಕ್ತಿಯನ್ನು ಬಹುಬೇಗ ಕಳೆದುಕೊಳ್ಳುವುದರಿಂದ ಅದನ್ನು ಕಪಾಟಿನಲ್ಲಿ ಉಳಿಸಿಕೊಳ್ಳದೆ, ಬಂದ ಹಂಗಾಮಿನಲ್ಲೇ ಕೊಟ್ಟು ಮುಗಿಸಬೇಕು.