ಮಲೇಷ್ಯಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ: ಊರಿನ ಜಗಳ ಇಲ್ಲಿಗೆ ತರಬೇಡಿ

ಕ್ವಾಲಾಲಂಪುರಕ್ಕೆ ಕೆಲಸಕ್ಕೆ ಬಂದವರು ಮೊದಲು ಕೇಳುವುದು ‘ರಾತ್ರಿ ಹೊತ್ತು ಓಡಾಡಬಹುದಾ?’ ಅಂತ. ಓಡಾಡಬಹುದು. ಬ್ಯಾಗು, ಫೋನು ಕಿತ್ತುಕೊಳ್ಳುವವರ ಬಗ್ಗೆ ಮುಂದೆ ಹೇಳಿದ್ದೇವೆ. ಅದಕ್ಕಿಂತ ಮೊದಲು ತಿಳಿಯಬೇಕಾದದ್ದು ನಿಮ್ಮ ವಾಟ್ಸಾಪ್ ಗ್ರೂಪಿನ ವಿಚಾರ. ಬ್ಯಾಗು ಹೋದರೆ ಇನ್ನೊಂದು ಕೊಳ್ಳಬಹುದು, ಒಂದು ಕೆಟ್ಟ ಫಾರ್ವರ್ಡ್‌ನಿಂದ ಕೆಲಸವೂ ವೀಸಾವೂ ಒಟ್ಟಿಗೆ ಹೋಗುತ್ತವೆ.

ಇಲ್ಲಿ ‘ತ್ರೀ ಆರ್’ ಎಂಬ ಮಾತು ದಿನಾ ಕಿವಿಗೆ ಬೀಳುತ್ತದೆ. ಜನಾಂಗ, ಧರ್ಮ, ರಾಜಮನೆತನ ಈ ಮೂರನ್ನು ಕೆಣಕಬಾರದು ಎಂಬುದು ಅದರ ಅರ್ಥ. ಈ ಭಯದ ಹಿಂದೆ 1969ರ ಮೇ 13 ಇದೆ. ಚುನಾವಣೆ ಮುಗಿದ ಮೂರೇ ದಿನಕ್ಕೆ ಕ್ವಾಲಾಲಂಪುರದಲ್ಲಿ ಮಲಯರಿಗೂ ಚೀನೀಯರಿಗೂ ಗಲಭೆ ಹತ್ತಿಕೊಂಡಿತು. ಸರ್ಕಾರಿ ಲೆಕ್ಕದಲ್ಲೇ 196 ಜನ ಸತ್ತರು, ಸಂಸತ್ತು 1971ರವರೆಗೆ ಸೇರಲಿಲ್ಲ. ಇನ್ನೊಂದು ಸಂಗತಿ ಗೊತ್ತಿರಲಿ. ಸಂವಿಧಾನದ 160ನೇ ವಿಧಿಯ ಪ್ರಕಾರ ಮಲಯ್ ಎಂದರೆ ಇಸ್ಲಾಂ ಪಾಲಿಸುವವನು, ಮಲಯ್ ಭಾಷೆ ಆಡುವವನು, ಮಲಯ್ ಪದ್ಧತಿಯಂತೆ ನಡೆಯುವವನು. ಅಂದರೆ ಜನಾಂಗ ಬೇರೆ, ಧರ್ಮ ಬೇರೆ ಅಂತ ಇಲ್ಲಿ ಬಿಡಿಸಲು ಬರುವುದಿಲ್ಲ. ಧರ್ಮದ ಬಗ್ಗೆ ಆಡಿದ ಹಗುರ ಮಾತು ಇಡೀ ಜನಾಂಗಕ್ಕೆ ಆಡಿದ ಮಾತಾಗುತ್ತದೆ.

ಈಗ ಫಾರ್ವರ್ಡ್ ವಿಷಯ. ಊರಲ್ಲಿ ಒಂದು ಗಲಾಟೆಯಾಗುತ್ತದೆ, ಮನೆಯವರ ಗ್ರೂಪಿಗೆ ಮುಸ್ಲಿಮರನ್ನು ಬೈಯುವ ವಿಡಿಯೋ ಬರುತ್ತದೆ, ಕೈ ತಪ್ಪಿ ಅದು ಆಫೀಸಿನ ಗ್ರೂಪಿಗೋ ಸ್ಟೇಟಸ್ಸಿಗೋ ಹೋಗುತ್ತದೆ. ಸಹೋದ್ಯೋಗಿಯೊಬ್ಬರು ಸ್ಕ್ರೀನ್‌ಶಾಟ್ ತೆಗೆದು ಠಾಣೆಗೆ ದೂರು ಕೊಡಬಹುದು. ಸಂಪರ್ಕ ಮತ್ತು ಮಲ್ಟಿಮೀಡಿಯಾ ಕಾಯ್ದೆಯ 233ನೇ ಸೆಕ್ಷನ್ ಅಡಿ ದಂಡದ ಮಿತಿ 2025ರ ತಿದ್ದುಪಡಿಯಲ್ಲಿ 50 ಸಾವಿರದಿಂದ 5 ಲಕ್ಷ ರಿಂಗಿಟ್‌ಗೆ, ಜೈಲು ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿದೆ. 1948ರ ದೇಶದ್ರೋಹ ಕಾಯ್ದೆ ಬೇರೆ ಇದೆ. ಕೇಸು ಕೋರ್ಟಿಗೆ ಹೋಗುವ ಮುಂಚೆಯೇ ಕಂಪನಿ ಕೈಬಿಟ್ಟರೆ ಎಂಪ್ಲಾಯ್‌ಮೆಂಟ್ ಪಾಸ್, ಅಂದರೆ ಇಲ್ಲಿ ಕೆಲಸ ಮಾಡುವ ಪರವಾನಗಿ, ರದ್ದಾಗುತ್ತದೆ. ಆದ್ದರಿಂದ ಬಂದ ವಾರವೇ ಮೂರು ಕೆಲಸ ಮಾಡಿ. ಮನೆಯ ಗ್ರೂಪುಗಳಲ್ಲಿ ವಿಡಿಯೋ ತಾನಾಗಿ ಫೋನಿಗೆ ಇಳಿಯುವುದನ್ನು ನಿಲ್ಲಿಸಿ. ಸ್ಟೇಟಸ್ ಯಾರ್ಯಾರಿಗೆ ಕಾಣಬೇಕೆಂದು ಆರಿಸಿಡಿ. ಗ್ರೂಪಿಗೆ ನೀವೇ ಅಡ್ಮಿನ್ ಆಗಿದ್ದರೆ ಇಂಥ ಪೋಸ್ಟನ್ನು ಕಂಡ ಕೂಡಲೇ ಅಳಿಸಿ.

ಸ್ಥಳೀಯ ಗಲಾಟೆಗಳಿಗೂ ನಮ್ಮೂರಿನ ಕನ್ನಡಕ ಹಾಕಬೇಡಿ. ದೇವಸ್ಥಾನಕ್ಕೆ ಜನ ನುಗ್ಗಿದರು ಎಂಬ ಸುದ್ದಿ ಬಂದಾಗ ಮೊದಲು ಜಮೀನು ಯಾರದ್ದು ಅಂತ ನೋಡಿ. ಬ್ರಿಟಿಷರ ಕಾಲದಲ್ಲಿ ರಬ್ಬರ್ ತೋಟದ ತಮಿಳು ಕೂಲಿಗಳು ತೋಟದೊಳಗೇ ಗುಡಿ ಕಟ್ಟಿಕೊಂಡರು. ಎಷ್ಟೋ ಗುಡಿಗಳ ಹೆಸರಿಗೆ ಭೂಮಿಯ ದಾಖಲೆ ಆಗಲೇ ಇಲ್ಲ. ತೋಟ ಮಾರಿ ಅಲ್ಲಿ ಊರು ಎದ್ದಾಗ ಗುಡಿ ಬೇರೆಯವರ ಜಾಗದಲ್ಲಿ ಉಳಿಯಿತು. 2018ರ ನವೆಂಬರ್‌ನಲ್ಲಿ ಸುಬಾಂಗ್ ಜಯಾದ ಸೀಫೀಲ್ಡ್ ಮಾರಿಯಮ್ಮನ ದೇವಸ್ಥಾನದಲ್ಲಿ ನಡೆದದ್ದು ಇಂಥ ಜಾಗದ ಜಗಳವೇ. ಧರ್ಮಯುದ್ಧವೆಂಬ ಸುದ್ದಿ ಹಬ್ಬಿ ವಾಹನಗಳು ಸುಟ್ಟವು, ಪೆಟ್ಟು ತಿಂದ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಮುಂದಿನ ತಿಂಗಳು ತೀರಿಕೊಂಡರು. 2025ರಲ್ಲಿ ಕ್ವಾಲಾಲಂಪುರದ ಜಲಾನ್ ಮಸ್ಜಿದ್ ಇಂಡಿಯಾ ರಸ್ತೆ ಹತ್ತಿರದ ಕಾಳಿಯಮ್ಮನ ಗುಡಿಯ ವಿವಾದವೂ ಜಾಗದ್ದೇ. ಅದು ಹತ್ತಿರದಲ್ಲೇ ಬೇರೆ ಜಾಗ ಕೊಡುವ ಮಾತುಕತೆಗೆ ಬಂತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟುವವರ ಸಾಲಿಗೆ ನೀವು ಸೇರಬೇಡಿ.

ಪ್ರತಿಭಟನೆ ಕಂಡರೆ ವಿಡಿಯೋ ಮಾಡಲೂ ನಿಲ್ಲಬೇಡಿ. 2012ರ ಶಾಂತಿಯುತ ಸಭೆ ಕಾಯ್ದೆ ಸಭೆ ಸೇರುವ ಹಕ್ಕನ್ನು ನಾಗರಿಕರಿಗೆ ಮಾತ್ರ ಕೊಟ್ಟಿದೆ. ವಿದೇಶಿಯನು ಅಲ್ಲಿರುವುದೇ ತಪ್ಪೆನಿಸಬಹುದು.

ಇಲ್ಲಿನ ಭಾರತೀಯರಲ್ಲಿ ಹೆಚ್ಚಿನವರು ಮೂರು ನಾಲ್ಕು ತಲೆಮಾರಿನ ತಮಿಳರು. ನಿಮ್ಮನ್ನೂ ತಮಿಳರೆಂದೇ ತಿಳಿದು ಮಾತಾಡಿಸುತ್ತಾರೆ, ಅದಕ್ಕೆ ಮುಖ ಗಂಟಿಕ್ಕಬೇಡಿ. ಕಾವೇರಿ ಜಗಳ ಅವರದ್ದಲ್ಲ. ಕಷ್ಟ ಬಂದ ದಿನ ಮೊದಲು ಬಾಗಿಲು ತೆರೆಯುವುದು ಅವರೇ. ‘ಕೆಲಿಂಗ್’ ಎಂಬುದು ಭಾರತೀಯರನ್ನು ಹೀಯಾಳಿಸುವ ಪದ. ತಮಾಷೆಗೂ ಬಳಸಬೇಡಿ. ಯಾರಾದರೂ ನಿಮಗೆ ಅಂದರೆ ಜಗಳಕ್ಕೆ ಇಳಿಯದೆ ಜಾಗ ಬಿಟ್ಟು ಹೊರಡಿ.

ದಿನನಿತ್ಯದ ಸಣ್ಣ ಸಂಗತಿಗಳೂ ಇವೆ. ಶುಕ್ರವಾರ ಮಧ್ಯಾಹ್ನ ಸುಮಾರು ಒಂದರಿಂದ ಎರಡೂವರೆವರೆಗೆ ಮಸೀದಿ ಸುತ್ತಲ ರಸ್ತೆಯಲ್ಲಿ ಕಾರುಗಳು ಎರಡು ಸಾಲು ನಿಂತಿರುತ್ತವೆ. ನಿಮ್ಮ ಕಾರಿಗೆ ಅಡ್ಡವಾಗಿದ್ದರೆ ಹಾರ್ನ್ ಹೊಡೆಯದೆ ಕಾಯಿರಿ. ರಂಜಾನಿನಲ್ಲಿ ನೀವು ಊಟ ಮಾಡಲು ಅಡ್ಡಿಯಿಲ್ಲ, ಉಪವಾಸವಿರುವವರ ಎದುರು ಬೇಡ, ಅಷ್ಟೆ. ಮಲಯ್ ಹೆಂಗಸರಿಗೆ ತಾವಾಗಿ ಕೈ ಚಾಚಬೇಡಿ, ಬಲಗೈ ಎದೆಗಿಟ್ಟು ತಲೆಬಾಗಿದರೆ ಸಾಕು. ಮುಸ್ಲಿಮರನ್ನು ಮದುವೆಯಾಗಬೇಕಾದರೆ ಇಲ್ಲಿನ ಕಾನೂನಿನಂತೆ ಮತಾಂತರ ಆಗಲೇಬೇಕು. ಪ್ರೀತಿ ಬೆಳೆಯುವ ಮೊದಲೇ ಇಬ್ಬರಿಗೂ ಇದು ತಿಳಿದಿರಬೇಕು.

ಬೀದಿಯ ಮಾತಿಗೆ ಬರೋಣ. ಕಿತ್ತುಕೊಳ್ಳುವವರು ಬೈಕಿನಲ್ಲಿ ಇಬ್ಬರು ಬರುತ್ತಾರೆ. ಬ್ಯಾಗು ರಸ್ತೆಯ ಕಡೆ ಇರದೆ ಗೋಡೆಯ ಕಡೆ ಇರಲಿ, ವಾಹನಗಳು ಎದುರಿನಿಂದ ಬರುವ ಬದಿಯಲ್ಲಿ ನಡೆಯಿರಿ. ಎಳೆದರೆ ಬಿಟ್ಟುಬಿಡಿ. ಬ್ಯಾಗಿನ ಪಟ್ಟಿ ಕೈಗೆ ಸುತ್ತಿಕೊಂಡವರು ರಸ್ತೆಯಲ್ಲಿ ಎಳೆದುಕೊಂಡು ಹೋಗಿ ತಲೆಗೆ ಪೆಟ್ಟು ಮಾಡಿಕೊಳ್ಳುತ್ತಾರೆ. ಕಾರಿನಲ್ಲಿ ಪಕ್ಕದ ಸೀಟಿನ ಮೇಲೆ ಬ್ಯಾಗು ಇಡಬೇಡಿ, ಸಿಗ್ನಲ್ಲಿನಲ್ಲಿ ಗಾಜು ಒಡೆದು ಒಯ್ಯುತ್ತಾರೆ. ತುರ್ತಿಗೆ 999.

ಪೊಲೀಸರು ತಡೆದು ಪಾಸ್‌ಪೋರ್ಟ್ ಕೇಳಬಹುದು, ಹೊರಗೆ ಹೋಗುವಾಗ ಅದು ಜೊತೆಗಿರಲಿ. ಮಫ್ತಿಯಲ್ಲಿದ್ದರೆ ವಿನಯದಿಂದ ‘ಕಾಡ್ ಕುವಾಸಾ’ ತೋರಿಸಿ ಅನ್ನಿ, ಅದು ಅವರ ಅಧಿಕಾರದ ಕಾರ್ಡು. ಇನ್ಸ್‌ಪೆಕ್ಟರ್ ಮತ್ತು ಮೇಲಿನವರದ್ದು ನೀಲಿ, ಕೆಳಗಿನವರದ್ದು ಹಳದಿ. ಕೆಂಪು ಕಾರ್ಡು ಎಂದರೆ ಅಮಾನತಿನಲ್ಲಿರುವವರು, ಅವರಿಗೆ ನಿಮ್ಮನ್ನು ತಡೆಯುವ ಅಧಿಕಾರವಿಲ್ಲ. ಹೆಸರು, ಸಂಖ್ಯೆ ನೆನಪಿಡಿ. ದುಡ್ಡು ಕೇಳಿದರೆ ಠಾಣೆಗೇ ಹೋಗೋಣ ಅನ್ನಿ.

ರಜೆಗೆ ಸಬಾ, ಸರವಾಕ್ ಕಡೆ ಹೊರಟರೆ ಒಂದೇ ದೇಶವೆಂದು ಪಾಸ್‌ಪೋರ್ಟ್ ಮನೆಯಲ್ಲಿ ಬಿಡಬೇಡಿ. ಎರಡೂ ರಾಜ್ಯಗಳಿಗೆ ತಮ್ಮದೇ ವಲಸೆ ನಿಯಂತ್ರಣವಿದೆ, ಕ್ವಾಲಾಲಂಪುರದ ಎಂಪ್ಲಾಯ್‌ಮೆಂಟ್ ಪಾಸಿನ ಮೇಲೆ ಅಲ್ಲಿ ಕೆಲಸ ಮಾಡುವಂತಿಲ್ಲ. ಸಬಾದ ಪೂರ್ವ ಕರಾವಳಿಯಲ್ಲಿ, ಅಂದರೆ ಸಂಡಾಕನ್, ಸೆಂಪೋರ್ನಾ ಕಡೆ, ಅಪಹರಣದ ಭಯದಿಂದ 2014ರಿಂದ ಹಲವು ವರ್ಷ ರಾತ್ರಿ ಸಮುದ್ರದಲ್ಲಿ ಕರ್ಫ್ಯೂ ಹಾಕಿದ್ದರು. ಸಂಜೆ ದೋಣಿ ತಡವಾಗುತ್ತದೆಂದು ಕಂಡರೆ ಆ ದಿನದ ದ್ವೀಪಯಾನ ಬಿಟ್ಟು ದಡದಲ್ಲೇ ಕೋಣೆ ಹಿಡಿಯಿರಿ.