ಪುಟ್ಟ ಕೈಗೆ ಮೊದಲ ಪಿಸ್ತೂಲು: ಅಳೆದು ನೋಡಿ ಆರಿಸುವುದು ಹೇಗೆ?

ಅಮೆರಿಕದ ಗನ್ ಅಂಗಡಿಗೆ ಚಿಕ್ಕ ಕೈಯವರು, ಅದರಲ್ಲೂ ಹೆಂಗಸರು, ಮೊದಲ ಸಲ ಹೋದರೆ ಕೌಂಟರಿನ ಮೇಲೆ ಬರುವುದು ಸಾಮಾನ್ಯವಾಗಿ ಎರಡೇ ಮಾಲು: ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಪಿಸ್ತೂಲು, ಇಲ್ಲವೇ ಐದು ಗುಂಡಿನ ಹಗುರ ರಿವಾಲ್ವರ್. ಹೊಸಬರಿಗೆ ಇವೆರಡೂ ಬಲು ಕಷ್ಟದವು. ಪಿಸ್ತೂಲು ಚಿಕ್ಕದಾದಷ್ಟೂ ಹಿಡಿ ಮೋಟಾಗಿ ಕಿರುಬೆರಳಿಗೆ ಜಾಗವೇ ಇರುವುದಿಲ್ಲ. ತೂಕ ಕಡಿಮೆಯಾದ್ದರಿಂದ ಒದೆತ ಜೋರು. ಒಳಗಿನ ಸ್ಪ್ರಿಂಗ್ ಗಡುಸು. ಗುರಿ ನೋಡುವ ಮುಂದಿನ, ಹಿಂದಿನ ಸೈಟ್‌ಗಳ ನಡುವಿನ ಅಂತರವೂ ಕುಗ್ಗಿರುವುದರಿಂದ ಕೈ ಕೊಂಚ ಅಲುಗಿದರೂ ಗುಂಡು ಬಹಳ ದೂರ ತಪ್ಪುತ್ತದೆ. ಚಿಕ್ಕ ಕೈಯವರು ಹುಡುಕಬೇಕಾದ ಗುಣಗಳು ಬೇರೆ: ಹಿಡಿ ತೆಳ್ಳಗಿರಬೇಕು, ಟ್ರಿಗರ್ ಹತ್ತಿರವಿರಬೇಕು, ಸ್ಲೈಡ್ (ನಳಿಗೆಯ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಸಲೀಸಾಗಿ ಹಿಂದಕ್ಕೆ ಬರಬೇಕು. ಈ ಮೂರೂ ಇದ್ದರೆ ಗನ್ ಸ್ವಲ್ಪ ದೊಡ್ಡದಾದರೂ ಅಡ್ಡಿಯಿಲ್ಲ.

ಮೊದಲು ವೀಸಾ, ಆಮೇಲೆ ಗನ್

ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ಮರೆಯಲೇಬಾರದು. ಎಚ್‌1ಬಿ, ಎಚ್‌4, ಎಲ್1, ಎಫ್1 ಮುಂತಾದ ವಲಸೆಯೇತರ ವೀಸಾದಲ್ಲಿರುವವರು ಗನ್ ಆಗಲಿ, ಗುಂಡಾಗಲಿ ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ನಿಷೇಧಿಸಿದೆ. ಯಾವುದಾದರೂ ರಾಜ್ಯದ ಚಾಲ್ತಿ ಬೇಟೆ ಪರವಾನಗಿ ಇರುವಂಥ ಕೆಲವೇ ವಿನಾಯಿತಿಗಳಿವೆ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆ ಗನ್ ಹಿಡಿದು ನಾಲ್ಕು ಸುತ್ತು ಹೊಡೆಯುವುದೂ ಈ ನಿಷೇಧದೊಳಗೇ ಬರುತ್ತದೆ. ವಾರಾಂತ್ಯದಲ್ಲಿ ಗೆಳೆಯರ ಜೊತೆ ಮೋಜಿಗೆ ಹೋಗುವವರಿಗೆ ಇದು ಗೊತ್ತಿರುವುದಿಲ್ಲ. ಸಿಕ್ಕಿಬಿದ್ದರೆ ಜೈಲಿನ ಜೊತೆಗೆ ಗಡೀಪಾರಿನ ದಾರಿಯೂ ತೆರೆದುಕೊಳ್ಳುತ್ತದೆ. ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತಿರುವುದು ಸಾಲದು, ಕಾರ್ಡು ಕೈಗೆ ಬಂದಿರಬೇಕು. ನಿಮ್ಮ ಸ್ಥಿತಿ ನಡುವೆ ಎಲ್ಲೋ ಇದ್ದರೆ ವಲಸೆ ವಕೀಲರನ್ನು ಕೇಳದೆ ಗನ್ ಮುಟ್ಟಬೇಡಿ.

ಗ್ರೀನ್ ಕಾರ್ಡ್ ಉಳ್ಳವರು ಮತ್ತು ನಾಗರಿಕರು 21 ತುಂಬಿದ ಮೇಲೆ ತಮ್ಮ ವಾಸದ ರಾಜ್ಯದ ಪರವಾನಗಿ ಪಡೆದ ಅಂಗಡಿಯಲ್ಲಿ ಕೈಗನ್ ಕೊಳ್ಳಬಹುದು. ಕೊಳ್ಳುವವರ ವಿವರ ಕೇಳುವ ಕೇಂದ್ರ ಸರ್ಕಾರದ ಫಾರಂ 4473 ತುಂಬಬೇಕು, ಹಿನ್ನೆಲೆ ತಪಾಸಣೆ ಆಗುತ್ತದೆ. ಮುಚ್ಚಿಟ್ಟು ಒಯ್ಯುವ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಕ್ಸಸ್‌ನಲ್ಲಿ 2021ರಿಂದ ಪರ್ಮಿಟ್ ಇಲ್ಲದೆಯೂ ಒಯ್ಯಬಹುದು. ಕ್ಯಾಲಿಫೋರ್ನಿಯಾದಲ್ಲಿ ಕನಿಷ್ಠ 16 ಗಂಟೆಯ ತರಬೇತಿ ಮುಗಿಸಿ ಪರ್ಮಿಟ್ ಪಡೆಯಬೇಕು. ಮೇಲಾಗಿ ರಾಜ್ಯ ಒಪ್ಪಿದ ಪಟ್ಟಿಯಲ್ಲಿರುವ ಮಾದರಿಗಳನ್ನಷ್ಟೇ ಅಂಗಡಿಯವರು ಮಾರಬಹುದು, ಗುಂಡು ತುಂಬುವ ಮ್ಯಾಗಜಿನ್‌ನಲ್ಲಿ 10 ಗುಂಡಿಗಿಂತ ಹೆಚ್ಚು ಹಿಡಿಯುವಂತಿಲ್ಲ. ಹಾಗಾಗಿ ಮಾದರಿಯ ಮೇಲೆ ಮನಸ್ಸಿಡುವ ಮೊದಲು ಆ ಪಟ್ಟಿ ನೋಡಿ. ಪರ್ಮಿಟ್ ಇದ್ದರೂ ಎಲ್ಲ ಕಡೆ ಒಯ್ಯಲಾಗದು: ಅಂಚೆ ಕಚೇರಿ, ವಿಮಾನ ನಿಲ್ದಾಣದ ತಪಾಸಣೆಯಾಚೆ ಬೇಡವೇ ಬೇಡ, ಶಾಲೆಗಳಿಗೆ ಬಹುತೇಕ ರಾಜ್ಯಗಳಲ್ಲಿ ನಿರ್ಬಂಧವಿದೆ. ಟೆಕ್ಸಸ್‌ನಲ್ಲಿ ದೇವಸ್ಥಾನದ್ದಾಗಲಿ, ಸಭಾಂಗಣದ್ದಾಗಲಿ ಬಾಗಿಲಲ್ಲಿ 30.06 ಫಲಕ ಕಂಡರೆ ಗನ್ ಒಳಗೆ ತರಬಾರದೆಂದು ಅರ್ಥ.

ಕೈಗೆ ಹೊಂದುತ್ತದೆಯೇ? ಅಂಗಡಿಯಲ್ಲೇ ನೋಡಿ

ಗನ್ ಕೈಗೆ ತೆಗೆದುಕೊಳ್ಳುವ ಮೊದಲು ಅದು ಖಾಲಿಯಿದೆಯೇ ಎಂದು ಅಂಗಡಿಯವರಿಂದ ತೋರಿಸಿಕೊಳ್ಳಿ, ಆಮೇಲೆ ನೀವೂ ನೋಡಿ. ಮ್ಯಾಗಜಿನ್ ಹೊರಗೆ ಬರಬೇಕು, ಸ್ಲೈಡ್ ಹಿಂದೆ ಸಿಕ್ಕಿ ನಿಲ್ಲಬೇಕು. ಗುಂಡು ಕೂರುವ ಜಾಗವಾದ ಚೇಂಬರಿನೊಳಗೆ ಕಣ್ಣಾಡಿಸಿ, ಕಿರುಬೆರಳ ತುದಿಯಿಂದ ಮುಟ್ಟಿ ನೋಡಿ. ಖಾಲಿಯೆಂದು ಖಾತ್ರಿಯಾದ ಮೇಲೂ ನಳಿಗೆ ಯಾರ ಕಡೆಗೂ ತಿರುಗಬಾರದು, ಬೆರಳು ಟ್ರಿಗರಿನ ಹೊರಗೇ ಇರಬೇಕು. ಟ್ರಿಗರ್ ಎಳೆದು ನೋಡಬಹುದೇ ಎಂದು ಕೇಳಿಯೇ ಎಳೆಯಿರಿ.

ಈಗ ಹಿಡಿಯುವ ಕ್ರಮ. ಹೆಬ್ಬೆರಳು, ತೋರುಬೆರಳುಗಳ ನಡುವಿನ ಕವಲನ್ನು ಹಿಡಿಯ ಹಿಂಭಾಗದಲ್ಲಿ ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲಕ್ಕೆ ಒತ್ತಿ. ನಳಿಗೆಯೂ ಮುಂಗೈಯೂ ಒಂದೇ ನೇರದಲ್ಲಿರಲಿ. ಹಿಡಿತವನ್ನು ಸ್ವಲ್ಪವೂ ಸರಿಸದೆ ತೋರುಬೆರಳನ್ನು ಟ್ರಿಗರ್ ಮೇಲಿಡಿ. ಬೆರಳ ಮೊದಲ ಗೆಣ್ಣಿಗಿಂತ ಮುಂದಿನ ಮೆತ್ತನೆಯ ಭಾಗದ ನಡು ಟ್ರಿಗರ್ ಮೇಲೆ ಕೂತರೆ ಆ ಗನ್ ನಿಮ್ಮ ಅಳತೆಯದು. ಬರೀ ಉಗುರ ತುದಿಯಷ್ಟೇ ಮುಟ್ಟಿದರೆ ಹಿಡಿ ನಿಮಗೆ ದಪ್ಪ.

ಚಿಕ್ಕ ಕೈಯವರು ಎಡವುವುದು ಇಲ್ಲೇ. ಬೆರಳು ತಲುಪದಿದ್ದಾಗ ಕೈ ತನಗೆ ಗೊತ್ತಿಲ್ಲದಂತೆ ಹಿಡಿಯ ಸುತ್ತ ಸರಿದು, ಗನ್ನಿನ ಬೆನ್ನು ಹೆಬ್ಬೆರಳ ಬುಡದ ಗೆಣ್ಣಿನ ಮೇಲೆ ಬಂದು ಕೂರುತ್ತದೆ. ಅಂಗಡಿಯಲ್ಲಿ ಹಾಯೆನಿಸುತ್ತದೆ. ರೇಂಜಿನಲ್ಲಿ ಪ್ರತಿ ಒದೆತವೂ ಮುಂಗೈಯ ಮೂಳೆಗೆ ಹೋಗುವ ಬದಲು ಆ ಗೆಣ್ಣಿಗೇ ಬಡಿದು, ಐವತ್ತು ಗುಂಡಿನೊಳಗೆ ಹೆಬ್ಬೆರಳು ಜೋಮು ಹಿಡಿಯುತ್ತದೆ. ತುದಿಬೆರಳಿಂದ ಎಳೆಯುವ ಬಲಗೈಯವರ ಗುಂಡುಗಳು ಸಾಮಾನ್ಯವಾಗಿ ಎಡಕ್ಕೆ ಹೋಗುತ್ತವೆ. ಬೆರಳಿನ ಬದಿ ಗನ್ನಿನ ಮೈಗೆ ಉಜ್ಜುತ್ತಿದ್ದರೂ ಇದೇ ಕಾಟ. ಎಳೆಯುವಾಗ ಬೆರಳಿಗೂ ಮೈಗೂ ನಡುವೆ ಒಂಚೂರು ಬೆಳಕು ಕಾಣಬೇಕು.

ಹಿಡಿತ ಸಡಿಲಿಸದೆ ಮ್ಯಾಗಜಿನ್ ಹೊರಬಿಡುವ ಬಟನ್ನಿಗೆ ಹೆಬ್ಬೆರಳು ಮುಟ್ಟುತ್ತದೆಯೇ ಎಂದೂ ನೋಡಿ. ಕೊಂಚ ತಿರುಗಿಸಬೇಕಾದರೆ ಪರವಾಗಿಲ್ಲ, ಅದು ಅಭ್ಯಾಸವಾಗುತ್ತದೆ. ಟ್ರಿಗರಿನ ದೂರ ಮಾತ್ರ ಅಭ್ಯಾಸದಿಂದ ಕಡಿಮೆಯಾಗುವುದಿಲ್ಲ.

ಸ್ಲೈಡ್ ಎಳೆಯುವುದು

“ನನ್ನ ಕೈಯಲ್ಲಿ ಶಕ್ತಿಯಿಲ್ಲ” ಎನ್ನುವವರಲ್ಲಿ ಬಹುಮಂದಿಗೆ ಕೊರತೆಯಿರುವುದು ಶಕ್ತಿಯದಲ್ಲ, ಕ್ರಮದ್ದು. ಹೆಬ್ಬೆರಳು, ತೋರುಬೆರಳಲ್ಲಿ ಸ್ಲೈಡಿನ ಹಿಂಭಾಗ ಚಿವುಟಿ ಹಿಡಿದು, ಕೈ ಚಾಚಿ ಎಳೆದರೆ ಬಲಿಷ್ಠರಿಗೂ ಜಾರುತ್ತದೆ. ಹೀಗೆ ಮಾಡಿ: ನಳಿಗೆ ಗುರಿಯ ದಿಕ್ಕಿಗೇ ಇರಲಿ, ಗನ್ ಎದೆಯ ಹತ್ತಿರಕ್ಕೆ ಬರಲಿ. ಇನ್ನೊಂದು ಕೈಯನ್ನು ಸ್ಲೈಡಿನ ಮೇಲಿಂದ ಹಾಕಿ, ಒಂದು ಬದಿಗೆ ನಾಲ್ಕೂ ಬೆರಳು, ಇನ್ನೊಂದು ಬದಿಗೆ ಅಂಗೈಯ ಬುಡ ಬರುವಂತೆ ಗಟ್ಟಿಯಾಗಿ ಹಿಡಿಯಿರಿ. ಈಗ ಸ್ಲೈಡನ್ನು ಎಳೆಯುವುದಕ್ಕಿಂತ ಹಿಡಿ ಹಿಡಿದ ಕೈಯನ್ನು ರಪ್ಪನೆ ಮುಂದಕ್ಕೆ ತಳ್ಳಿ. ಪೂರ್ತಿ ಹಿಂದೆ ಬಂದ ಕೂಡಲೇ ಸ್ಲೈಡನ್ನು ಬಿಟ್ಟುಬಿಡಿ. ಕೈ ಜೊತೆಗೇ ಮುಂದೆ ಸಾಗಿದರೆ ಸ್ಪ್ರಿಂಗಿನ ಬಲ ಸಾಲದೆ ಸ್ಲೈಡ್ ಅರ್ಧದಲ್ಲೇ ನಿಂತು ಗುಂಡು ಚೇಂಬರಿನಲ್ಲಿ ಸರಿಯಾಗಿ ಕೂರುವುದಿಲ್ಲ. ಈ ಕೆಲಸದಲ್ಲಿ ಆಗುವ ದೊಡ್ಡ ಅಪಾಯವೆಂದರೆ ದಮ್ಮು ಕಟ್ಟಿ ಎಳೆಯುವ ಭರದಲ್ಲಿ ನಳಿಗೆ ಪಕ್ಕದವರ ಕಡೆಗೆ ತಿರುಗುವುದು. ಗನ್ ಅಡ್ಡ ತಿರುಗಿಸುವ ಬದಲು ನೀವೇ ಇಡೀ ಮೈಯನ್ನು ಅಡ್ಡಕ್ಕೆ ತಿರುಗಿಸಿ ನಿಂತರೆ ನಳಿಗೆ ನೇರವೇ ಉಳಿಯುತ್ತದೆ.

ಈ ಕ್ರಮದಲ್ಲಿ ಒಂದೇ ಸಮ ಹತ್ತು ಸಲ ಎಳೆಯಲಾಗದಿದ್ದರೆ ಆ ಮಾದರಿ ಕೈಬಿಡಿ. ಸಂಧಿವಾತ ಇರುವವರಿಗೆ ಈ ಪರೀಕ್ಷೆಯೇ ನಿರ್ಣಾಯಕ.

ಯಾವ ಗುಂಡು, ಯಾವ ಮಾದರಿ?

9 ಎಂಎಂ ಅಳತೆಯ ಗುಂಡು ಎಲ್ಲೆಡೆ ಸಿಗುತ್ತದೆ, .380 ಎಸಿಪಿ ಎಂಬ ಗುಂಡಿಗಿಂತ ಅಗ್ಗ, ಹೊಡೆತವೂ ಹೆಚ್ಚು. ಒದೆತ ತಡೆಯಲಾಗದವರಿಗೆ .380 ಒಳ್ಳೆಯದೇ. ಆದರೆ .380 ಎಂದ ಮಾತ್ರಕ್ಕೆ ಒದೆತ ಮೃದು ಎಂದುಕೊಳ್ಳಬೇಡಿ. ವಾಲ್ತರ್ ಪಿಪಿಕೆಯಂಥ ಹಳೆಯ ವಿನ್ಯಾಸಗಳಲ್ಲಿ ನಳಿಗೆಯೂ ಸ್ಲೈಡೂ ಒಂದಕ್ಕೊಂದು ಕಚ್ಚಿಕೊಂಡಿರುವುದಿಲ್ಲ. ಹೊಡೆತದ ಒತ್ತಡವನ್ನು ಗಡುಸು ಸ್ಪ್ರಿಂಗ್ ಮತ್ತು ಸ್ಲೈಡಿನ ತೂಕವೇ ತಡೆಯಬೇಕು. ಆದ್ದರಿಂದ ಎಳೆಯುವುದೂ ಕಷ್ಟ, ಒದೆತವೂ ಚುರುಕು. ಸುಮಾರು 270 ಗ್ರಾಂ ತೂಗುವ ರೂಗರ್ ಎಲ್‌ಸಿಪಿ ಜೇಬಿಗೆ ಹಿತ, ಕೈಗೆ ಅಲ್ಲ.

2018ರಲ್ಲಿ ಬಂದ ಸಿಗ್ ಪಿ365 ಪುಟ್ಟ ಪಿಸ್ತೂಲುಗಳ ಲೆಕ್ಕಾಚಾರವನ್ನೇ ಬದಲಿಸಿತು: ಸುಮಾರು 500 ಗ್ರಾಂ ತೂಕ, ಒಂದಂಗುಲ ದಪ್ಪ, ಮ್ಯಾಗಜಿನ್‌ನಲ್ಲಿ 10 ಗುಂಡು. ಕ್ರಮಸಂಖ್ಯೆ ಇರುವುದು ಒಳಗಿನ ಟ್ರಿಗರ್ ಘಟಕದ ಮೇಲೆ, ಕಾನೂನಿನ ಲೆಕ್ಕದಲ್ಲಿ ಅದೇ ಗನ್. ಹಾಗಾಗಿ ಹೊರಗಿನ ಹಿಡಿಯನ್ನಷ್ಟೇ ಬೇರೆ ಅಳತೆಯದಕ್ಕೆ ಬದಲಾಯಿಸಬಹುದು. ಗ್ಲಾಕ್ 43ಎಕ್ಸ್ ಹಿಡಿಯೂ ತೆಳ್ಳಗಿದ್ದು ಕಿರುಬೆರಳಿಗೆ ಜಾಗವಿರುವಷ್ಟು ಉದ್ದವಿದೆ. ವಾಲ್ತರ್ 2022ರಲ್ಲಿ ತಂದ ಪಿಡಿಪಿ ಎಫ್ ಸರಣಿಯನ್ನು ಹೆಂಗಸರ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಲಾಗಿದೆ: ಟ್ರಿಗರ್ ಹತ್ತಿರ, ಹಿಡಿಯ ಸುತ್ತಳತೆ ಕಡಿಮೆ, ಸ್ಲೈಡ್ ಮೆತ್ತಗೆ. ಇವುಗಳಿಗಿಂತ ತೂಕ ಹೆಚ್ಚು, ಅಡಗಿಸುವುದು ಕಷ್ಟ. ಆದರೆ ಹೊಡೆದು ಕಲಿಯಲು ಇದರಷ್ಟು ಹಿತವಾದದ್ದು ಕಡಿಮೆ.

ಬೆರಳ ಶಕ್ತಿ ನಿಜಕ್ಕೂ ಕಡಿಮೆಯಿರುವವರು ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ಶೀಲ್ಡ್ ಈಝೀ ನೋಡಲಿ. .380 ಮಾದರಿ 2018ರಲ್ಲಿ, 9 ಎಂಎಂ 2020ರಲ್ಲಿ ಬಂತು. ಸ್ಲೈಡ್ ಹಗುರವಾಗಿ ಬರುತ್ತದೆ, ಮ್ಯಾಗಜಿನ್ ತುಂಬಲು ಬದಿಯಲ್ಲಿ ಒತ್ತುಗುಂಡಿ ಇದೆ. ಒಂದೇ ತೊಡಕು: ಹಿಡಿಯ ಹಿಂಭಾಗದಲ್ಲಿ ಸೇಫ್ಟಿ ಇದ್ದು, ಅದು ಪೂರ್ತಿ ಒತ್ತಿದ್ದರೆ ಮಾತ್ರ ಗುಂಡು ಹಾರುತ್ತದೆ. ಅಂಗೈ ತೀರಾ ಚಿಕ್ಕದಿದ್ದು, ನಡುವೆ ಟೊಳ್ಳು ಉಳಿದರೆ ಟ್ರಿಗರ್ ಎಳೆದರೂ ಏನೂ ಆಗದಿರಬಹುದು. ಕೊಳ್ಳುವ ಮೊದಲು ಒಂದೇ ಕೈಯಲ್ಲಿ ಹಿಡಿದೂ ಪರೀಕ್ಷಿಸಿ.

ರಿವಾಲ್ವರಿನ ಮಾತು. ಸ್ಲೈಡ್ ಎಳೆಯುವ ಗೋಜಿಲ್ಲ ಎಂಬುದು ನಿಜ. ಆದರೆ ಸ್ಮಿತ್ ಆ್ಯಂಡ್ ವೆಸನ್ 642ರಂಥ ರಿವಾಲ್ವರ್ ತೂಗುವುದು ಸುಮಾರು 400 ಗ್ರಾಂ, ಟ್ರಿಗರ್ ಎಳೆಯಲು ಬೇಕಾದ ಬಲ ಸುಮಾರು 12 ಪೌಂಡ್, ಅಂದರೆ ಐದೂವರೆ ಕಿಲೋಗೆ ಹತ್ತಿರ. ಗನ್ನಿನ ತೂಕದ ಹತ್ತು ಪಟ್ಟಿಗೂ ಮೀರಿದ ಬಲವನ್ನು ಒಂದೇ ಬೆರಳು ಹಾಕುವಾಗ ಗನ್ ಅಲುಗದೆ ಇರುತ್ತದೆಯೇ? ಮೇಲಿಂದ .38 ಸ್ಪೆಷಲ್ ಗುಂಡಿನ ಒದೆತ. ರಿವಾಲ್ವರೇ ಬೇಕೆಂದರೆ ಟ್ರಿಗರ್ ನುಣುಪಾಗಿರುವ ರೂಗರ್ ಎಲ್‌ಸಿಆರ್ ಒಮ್ಮೆ ಎಳೆದು ನೋಡಿ. ಹೊಸಬರಿಗೆ ಮಾತ್ರ ನಮ್ಮ ಸಲಹೆ ಪಿಸ್ತೂಲೇ.

ಬಾಡಿಗೆಗೆ ಹೊಡೆದು ನೋಡದೆ ಕೊಳ್ಳಬೇಡಿ

ಎರಡು ಮೂರು ಮಾದರಿಗಳನ್ನು ಆರಿಸಿ, ಪ್ರತಿಯೊಂದರಲ್ಲೂ 50 ಗುಂಡು ಹೊಡೆಯಿರಿ. ಜೊತೆಗೆ ತರಬೇತುದಾರರೊಬ್ಬರು ಇರಲಿ. ಕಿವಿಗೆ ಒಳಗೊಂದು ಬಿರಡೆ, ಮೇಲೊಂದು ಮಫ್; ಕಣ್ಣಿಗೆ ಕನ್ನಡಕ. ಕತ್ತು ಬಿಗಿಯಾದ ಅಂಗಿ ತೊಡಿ. ಬಿಸಿ ಖಾಲಿ ತೋಟಾ ಅಂಗಿಯೊಳಗೆ ಬಿದ್ದಾಗ ಗನ್ ಹಿಡಿದೇ ಕುಣಿದಾಡಿ ಅನಾಹುತವಾಗುವುದುಂಟು. ಬಸುರಿಯರು ಸೀಸದ ಹೊಗೆ ಮತ್ತು ಸದ್ದಿನ ಕಾರಣಕ್ಕೆ ರೇಂಜಿಗೆ ಹೋಗದಿರುವುದೇ ಸರಿ. ಉಳಿದವರು ಮುಗಿದ ಮೇಲೆ ತಣ್ಣೀರು, ಸೋಪಿನಲ್ಲಿ ಕೈ ತೊಳೆದೇ ಬಾಯಿಗೆ ಏನಾದರೂ ಹಾಕಲಿ.

ಐದು ಗಜ ದೂರದಲ್ಲಿ ಎಂಟು ಅಂಗುಲದ ಕಾಗದದ ತಟ್ಟೆ ಸಿಕ್ಕಿಸಿ. ಮೊದಲು ನಿಧಾನವಾಗಿ ಐದು ಗುಂಡು, ಆಮೇಲೆ ಐದು ಸೆಕೆಂಡಿನಲ್ಲಿ ಐದು. ಪ್ರತಿ ಹೊಡೆತದ ಮೇಲೆ ಹಿಡಿತ ಮತ್ತೆ ಹೊಂದಿಸಿಕೊಳ್ಳಬೇಕಾಗಿ ಬರುತ್ತಿದೆಯೇ, ಗಮನಿಸಿ. ಹೌದಾದರೆ ಹಿಡಿ ನಿಮಗೆ ಒಗ್ಗಿಲ್ಲ. ಖಾಲಿ ತೋಟಾ ಹೊರಬೀಳದೆ ಸ್ಲೈಡಿನಲ್ಲಿ ನೆಟ್ಟಗೆ ಸಿಕ್ಕಿಕೊಳ್ಳುತ್ತಿದ್ದರೆ, ಬಹುಮಟ್ಟಿಗೆ ಮಣಿಕಟ್ಟು ಸಡಿಲ: ಗನ್ನಿನ ಮೈಯೂ ಹಿಂದಕ್ಕೆ ಸರಿದರೆ ಸ್ಲೈಡಿಗೆ ಪೂರ್ತಿ ಓಡಲು ಆಧಾರ ಸಿಗುವುದಿಲ್ಲ. ತೀರಾ ಹಗುರ ಗನ್‌ಗಳಲ್ಲಿ ಇದು ಹೆಚ್ಚು. ಐವತ್ತನೇ ಗುಂಡಿನ ಹೊತ್ತಿಗೆ ಕೈ ನೋಯುತ್ತಿದ್ದರೆ ಆ ಗನ್ ನೀವು ಅಭ್ಯಾಸ ಮಾಡುವುದಿಲ್ಲ, ಪೆಟ್ಟಿಗೆಯಲ್ಲೇ ಇಡುತ್ತೀರಿ.

ಹೋಲ್‌ಸ್ಟರ್

ಗನ್ ಕೊಂಡ ದಿನವೇ, ಅದನ್ನು ಮೈಮೇಲೆ ಇಟ್ಟುಕೊಳ್ಳಲು ಅದೇ ಮಾದರಿಗೆಂದು ಅಚ್ಚು ಮಾಡಿದ, ಟ್ರಿಗರನ್ನು ಪೂರ್ತಿ ಮುಚ್ಚುವ ಗಡುಸು ಹೋಲ್‌ಸ್ಟರನ್ನೂ ಕೊಳ್ಳಿ. ಮೆತ್ತನೆ ಬಟ್ಟೆಯ ಚೀಲದ ಮೂಲಕವೂ ಟ್ರಿಗರ್ ಒತ್ತಿಹೋಗಬಹುದು. ಕುರ್ತಾ, ಲೆಗ್ಗಿಂಗ್ಸ್ ತೊಡುವವರಿಗೆ ಬೆಲ್ಟು ಕಟ್ಟುವುದು ಕಷ್ಟ. ಹೊಟ್ಟೆಪಟ್ಟಿ ಬಳಸುವುದಾದರೆ ಟ್ರಿಗರಿನ ಜಾಗದಲ್ಲಿ ಗಡುಸು ಕವಚ ಇರುವುದನ್ನೇ ಆರಿಸಿ. ವ್ಯಾನಿಟಿ ಬ್ಯಾಗಿನಲ್ಲಿ ಲಿಪ್‌ಸ್ಟಿಕ್, ಕೀಲಿಗಳ ನಡುವೆ ಗನ್ ಬಿಡಿಯಾಗಿ ಹಾಕುವುದು ಅತ್ಯಂತ ಕೆಟ್ಟ ಅಭ್ಯಾಸ. ಬ್ಯಾಗು ಕಸಿದವನ ಕೈಗೂ ಅದೇ ಸಿಗುತ್ತದೆ, ಬ್ಯಾಗು ತಡಕಾಡುವ ಮಗುವಿನ ಕೈಗೂ ಅದೇ. ಹೋಲ್‌ಸ್ಟರಿಗೆ ಮರಳಿ ಇಡುವಾಗ ಅವಸರ ಬೇಡ. ಬೆರಳು ನೆಟ್ಟಗಿರಲಿ, ಅಂಗಿಯ ಅಂಚು ದಾರಿಯಲ್ಲಿ ಸಿಕ್ಕಿಲ್ಲವೆಂದು ಕಣ್ಣಿಂದ ನೋಡಿಯೇ ಇಡಿ. ಮೈಮೇಲೆ ಇಲ್ಲದ ಹೊತ್ತಿನಲ್ಲಿ ಗನ್ ಬೀಗದ ಪೆಟ್ಟಿಗೆಯಲ್ಲೇ ಇರಬೇಕು. ಬೀರುವಿನ ಮೇಲಟ್ಟಕ್ಕೆ ಮಕ್ಕಳು ಕುರ್ಚಿ ಹಾಕಿಕೊಂಡು ಹತ್ತುತ್ತಾರೆ.

ಕೊಂಡ ಮೇಲೆ

ಮೊದಲು ಬಿಚ್ಚಿ ಒರೆಸಿ, ಕೈಪಿಡಿ ಹೇಳಿದ ಜಾಗಗಳಿಗೆ ಹನಿ ಎಣ್ಣೆ ಹಾಕಿ. 200 ಅಭ್ಯಾಸದ ಗುಂಡು, ಜೊತೆಗೆ ನೀವು ನಿತ್ಯ ಒಯ್ಯಲಿರುವ, ತುದಿ ಟೊಳ್ಳಾದ ಹಾಲೋ ಪಾಯಿಂಟ್ ಗುಂಡು 50 ತೊಡಕಿಲ್ಲದೆ ಹಾರಿದ ಮೇಲಷ್ಟೇ ಅದನ್ನು ನೆಚ್ಚಿ. ಹೊಸ ಮ್ಯಾಗಜಿನ್‌ನ ಕೊನೆಯ ಎರಡು ಗುಂಡು ತುಂಬುವಷ್ಟರಲ್ಲಿ ಹೆಬ್ಬೆರಳು ಸೋಲುತ್ತದೆ. ಅಪ್‌ಲೂಲಾದಂಥ ಮ್ಯಾಗಜಿನ್ ತುಂಬುವ ಸಾಧನ ಒಂದಿದ್ದರೆ ಈ ಗೋಳಿಲ್ಲ.

ಊರಿಗೆ ಹೊರಡುವವರಿಗೆ ಒಂದು ಎಚ್ಚರಿಕೆ. ಬ್ಯಾಗಿನ ಮೂಲೆಯಲ್ಲಿ ಮರೆತುಹೋದ ಒಂದೇ ಒಂದು ಗುಂಡು ಬೆಂಗಳೂರು ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೂ 1959ರ ಆಯುಧ ಕಾಯ್ದೆಯಡಿ ಪ್ರಕರಣ ದಾಖಲಾಗಬಹುದು. ಆಮೇಲೆ ಠಾಣೆ, ವಕೀಲರು, ತಪ್ಪಿದ ವಿಮಾನ. ರೇಂಜಿಗೆಂದೇ ಬೇರೆ ಚೀಲ ಇಟ್ಟುಕೊಳ್ಳಿ, ಅದನ್ನು ಯಾವ ಪ್ರಯಾಣಕ್ಕೂ ಬಳಸಬೇಡಿ.