ಪ್ರಶ್ನಾವಳಿ ಹಿಡಿದು ಊರಿಗೆ ಹೋಗುವ ಮುಂಚೆ

ಸಮಾಜಕಾರ್ಯದಲ್ಲಿ ಪಿಎಚ್‌ಡಿಗೆ ಸೇರಿದವರು ನನ್ನನ್ನು ಮೊದಲು ಕೇಳುವುದು, "ಮೇಡಂ, ಎಸ್‌ಪಿಎಸ್‌ಎಸ್ ಎಲ್ಲಿ ಕಲೀಬೇಕು?" ಅಂಕಿಅಂಶ ಲೆಕ್ಕ ಹಾಕುವ ಆ ಸಾಫ್ಟ್‌ವೇರ್ ಆಮೇಲೆ. ಹದಿನೈದು ದಿನ ಪಟ್ಟು ಹಿಡಿದು ಕೂತರೆ ಬಂದೇ ಬರುತ್ತದೆ. ಸುಲಭಕ್ಕೆ ಬರದಿರುವುದು ಜಗಲಿ ಮೇಲೆ ಕೂತು ಮಾತಾಡಿಸುವುದು.

ಕೋರ್ಸ್‌ವರ್ಕ್, ಅಂದರೆ ಸಂಶೋಧನೆಗೆ ಮುಂಚಿನ ತರಗತಿ ಪಾಠ, ಹೇಗೂ ಮುಗಿಸಲೇಬೇಕು. ಯುಜಿಸಿಯ 2022ರ ನಿಯಮದಂತೆ ಕನಿಷ್ಠ 12 ಕ್ರೆಡಿಟ್. ಆ ತಿಂಗಳುಗಳಲ್ಲೇ ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣದಿಂದ ನಿಮ್ಮ ವಿಷಯದ ನಾಲ್ಕೈದು ಪ್ರಬಂಧ ಇಳಿಸಿಕೊಂಡು, ಕೊನೆಯಲ್ಲಿರುವ ಪ್ರಶ್ನಾವಳಿಯನ್ನು ಜೋರಾಗಿ ಓದಿ ನೋಡಿ. ಎಷ್ಟೋ ಪ್ರಶ್ನೆ ಯಾರ ಬಾಯಲ್ಲೂ ಬರುವ ಕನ್ನಡ ಅಲ್ಲ. ನನ್ನದೂ ಹಾಗೇ ಇತ್ತು.

ಮದ್ದೂರಿನ ಹತ್ತಿರ ಒಂದು ಹಳ್ಳಿ. ಸ್ತ್ರೀಶಕ್ತಿ ಸಂಘದವರ ಸಾಲದ ಬಗ್ಗೆ ನನ್ನ ಅಧ್ಯಯನ. "ಸಂಘಕ್ಕೆ ಸೇರಿದ ನಂತರ ನಿರ್ಧಾರ ಕೈಗೊಳ್ಳುವ ನಿಮ್ಮ ಸಾಮರ್ಥ್ಯ ಹೆಚ್ಚಿದೆ. ಸಂಪೂರ್ಣ ಒಪ್ಪುತ್ತೀರಾ, ಒಪ್ಪುತ್ತೀರಾ, ತಟಸ್ಥವೇ..." ಅಂತ ಓದಿದೆ. ಅವರೆಕಾಯಿ ಸುಲಿಯುತ್ತಿದ್ದ ಅವ್ವ ತಲೆ ಎತ್ತದೆ, "ಹೂಂ ಕನವ್ವ" ಅಂದರು. ಮುಂದಿನದಕ್ಕೂ ಹೂಂ. ಹನ್ನೊಂದನೆಯದಕ್ಕೂ ಹೂಂ. ಕಾಗದದ ಮೇಲೆ ಇಡೀ ಊರಿನ ಸಬಲೀಕರಣ ಮಧ್ಯಾಹ್ನದೊಳಗೆ ಮುಗಿದಿತ್ತು!

ಮುಂದಿನ ವಾರ ಬೇರೆ ಥರ ಕೇಳಿದೆ. "ಹೋದ ಸಲ ಸಾಲ ಬಂತಲ್ಲ, ದುಡ್ಡು ಯಾರ ಕೈಗೋಯ್ತವ್ವ?" ಅವರೆಕಾಯಿ ಮೊರ ಪಕ್ಕಕ್ಕೆ ಹೋಯಿತು. ದುಡ್ಡು ಗಂಡ ಇಸ್ಕೊಂಡು ಕಬ್ಬಿಗೆ ಗೊಬ್ಬರ ತಂದದ್ದು, ಕಂತು ಕಟ್ಟಲು ತಾನು ಕಳೆ ಕೀಳಲು ಹೋದದ್ದು, ಎಲ್ಲ ಹೇಳಿದರು. ನಿಮಗೆ ಅಂಕಿ ಬೇಕೇ ಬೇಕಾ? ಹತ್ತು ಹುಣಸೆ ಬೀಜ ಕೊಡಿ. "ಮನೇಲಿ ಗಂಡನ ಮಾತು ಎಷ್ಟು ನಡೆಯುತ್ತೆ, ನಿಮ್ಮದೆಷ್ಟು, ಪಾಲು ಮಾಡಿ." ಆ ಅವ್ವ ಎಂಟು ಆ ಕಡೆ, ಒಂದು ಈ ಕಡೆ ಇಟ್ಟರು. ಉಳಿದ ಒಂದನ್ನು ಸುಮಾರು ಹೊತ್ತು ಬೆರಳಲ್ಲಿ ಹೊರಳಿಸಿ, ಕೊನೆಗೆ ತಮ್ಮ ಕಡೆಗೇ ಇಟ್ಟುಕೊಂಡರು.

ವಾರ್ಷಿಕ ಆದಾಯ ಎಷ್ಟು ಅಂತ ನೇರ ಕೇಳಬೇಡಿ. ಬಿಪಿಎಲ್ ಕಾರ್ಡ್ ಹೋಗುತ್ತೆ ಅಂತ ಭಯ ಇರುತ್ತದೆ, ತಪ್ಪೇನಿಲ್ಲ. ಯಾಕೆ ಕೇಳುತ್ತಿದ್ದೀನಿ ಅಂತ ಮೊದಲು ಹೇಳಿ. ಆಮೇಲೆ ಕಬ್ಬು ಎಷ್ಟು ಟನ್ ಹೋಯ್ತು, ಡೈರಿಗೆ ಎಷ್ಟು ಲೀಟರ್ ಹಾಲು ಹಾಕ್ತೀರಿ, ಹೀಗೆ ಕೇಳಿ. ಗುಣಾಕಾರ ನೀವು ಮಾಡಿಕೊಳ್ಳಿ.

ಅಧ್ಯಯನಕ್ಕೆ ಮಾತಾಡಲು ಒಪ್ಪಿದ್ದೇನೆ ಅಂತ ಸಹಿ ಹಾಕಿಸುವ ಒಪ್ಪಿಗೆ ಪತ್ರದ್ದು ಇನ್ನೊಂದು ಕಷ್ಟ. ಸಂಘದ ಸಾಲಕ್ಕೆ ಹೆಬ್ಬೆಟ್ಟು ಒತ್ತಿ ಸಾಕಾದವರಿಗೆ ಇನ್ನೊಂದು ಕಾಗದ ಚಾಚಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಓದಿ ಹೇಳಿ, ಸಾಕ್ಷಿ ಎದುರು ಬಾಯಿಮಾತಿನ ಒಪ್ಪಿಗೆ ಪಡೆಯಲು ಸಂಶೋಧನೆಯ ರೀತಿನೀತಿ ನೋಡುವ ನಿಮ್ಮ ನೈತಿಕ ಸಮಿತಿಯ ಅನುಮತಿಯನ್ನು ಮುಂಚೆಯೇ ತೆಗೆದುಕೊಂಡಿರಿ. "ಬೇಡ ಅನ್ನಿಸಿದರೆ ಮಧ್ಯದಲ್ಲೇ ನಿಲ್ಲಿಸಬಹುದು" ಅನ್ನುವುದನ್ನು ಮಾತ್ರ ಎರಡು ಸಲ ಹೇಳಿ. ಹಾಳೆ ಮೇಲೆ ಹೆಸರು ಬೇಡ, ನಂಬರ್ ಸಾಕು.

ರೆಕಾರ್ಡಿಂಗನ್ನು ಅವತ್ತು ರಾತ್ರಿಯೇ ಬರೆಯಲು ಶುರು ಮಾಡಿ. ಒಂದು ಗಂಟೆಯ ಮಾತಿಗೆ ನನಗೆ ಐದು ಗಂಟೆ ಹಿಡಿಯುತ್ತಿತ್ತು. ಅವರು "ಕೊಟ್ಬುಟ್ಟೆ" ಅಂದಿದ್ದರೆ "ನೀಡಿದೆನು" ಮಾಡಬೇಡಿ. ಆ "ಬುಟ್ಟೆ"ಯಲ್ಲೇ ಇರುವುದು ಹೊಟ್ಟೆ ಉರಿ.

ಇಷ್ಟನ್ನೂ ಅಧ್ಯಯನಕ್ಕೆ ಆರಿಸಿಕೊಂಡಿರದ ಒಂದು ಊರಿನಲ್ಲಿ, ಹತ್ತು ಜನರ ಹತ್ತಿರ ಮೊದಲು ಮಾಡಿ ನೋಡಿ. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಹೋಗಬೇಡಿ, ಬೈಸಿಕೊಳ್ಳುತ್ತೀರಿ. ವಾಪಸ್ ಬಂದು ಗೈಡ್ ಹತ್ತಿರ ಹೋಗುವಾಗ ನೀಟಾಗಿ ಟೈಪ್ ಮಾಡಿದ್ದಲ್ಲ, ಗೀಚಿ ಹೊಡೆದುಹಾಕಿದ ಆ ಹತ್ತು ಪ್ರತಿಗಳನ್ನೇ ಒಯ್ಯಿರಿ.